ಸಾಲಿನ ತುದಿಯಲ್ಲಿ ಉದ್ದ ಸಮಾಸಪದ ಮುರಿಯುವ ಬಗೆ

ಬಾಗಲಕೋಟೆ, ವಿಜಯಪುರ ಕಡೆಯ ಜಾತ್ರೆಯ ಕರಪತ್ರವನ್ನು ಎರಡು ಅಂಕಣದಲ್ಲಿ ಜೋಡಿಸುವಾಗ ಪದ ಸಾಲಿಗೆ ಹಿಡಿಸದಿದ್ದರೆ, ಮೊದಲು ಪದಗಳು ಕೂಡಿದ ಜಾಗ ಹುಡುಕಿ: ಗೋಳ-ಗುಮ್ಮಟ, ಕೂಡಲ-ಸಂಗಮ, ಪಟ್ಟದ-ಕಲ್ಲು. ಎರಡೂ ತುಂಡು ಸಲೀಸಾಗಿ ಓದಿಸಿಕೊಳ್ಳುತ್ತವೆ.

ನಿಜವಾದ ತೊಡಕು ಸಂಧಿಯದು. ಜಿಲ್ಲಾಧಿಕಾರಿಯಲ್ಲಿ 'ಜಿಲ್ಲಾ', 'ಅಧಿಕಾರಿ' ಎರಡರ ಸ್ವರ ಬೆರೆತು ಒಂದೇ ದೀರ್ಘವಾಗಿದೆ. ಮುರಿಯಲೇಬೇಕಾದರೆ 'ಜಿಲ್ಲಾ-ಧಿಕಾರಿ' ಎಂದೇ ಮುರಿಯಿರಿ; 'ಜಿಲ್ಲಾ-ಅಧಿಕಾರಿ' ಎಂದರೆ ಪದದ ರೂಪವೇ ಬದಲಾಗುತ್ತದೆ. ಬೆಟ್ಟದಾವರೆಯಲ್ಲಿ 'ತಾವರೆ'ಯ ತಕಾರ ದಕಾರವಾಗಿದೆ: 'ಬೆಟ್ಟ-ದಾವರೆ' ಸರಿ, 'ಬೆಟ್ಟದಾ-ವರೆ' ಅರ್ಥ ಕೆಡಿಸುತ್ತದೆ. ಜಾಗವಿದ್ದರೆ ಇಂಥ ಪದವನ್ನು ಇಡಿಯಾಗಿ ಕೆಳಗಿನ ಸಾಲಿಗೆ ಇಳಿಸುವುದೇ ಲೇಸು.

ಒತ್ತಕ್ಷರ ಒಡೆಯಬೇಡಿ. ಅನುಸ್ವಾರ, ವಿಸರ್ಗ ಹಿಂದಿನ ಅಕ್ಷರದ ಜೊತೆಗೇ ಇರಲಿ. ಸಾಲಿನ ಅಂಚಿನಲ್ಲಿ ಒಂಟಿ ಅಕ್ಷರ ಬಿಡಬೇಡಿ, ಕನಿಷ್ಠ 2 ಇರಲಿ.

ಬರೀ ಹೈಫನ್ ಒತ್ತಿದರೆ, ಮುಂದೆ ಅಕ್ಷರಗಾತ್ರ ಬದಲಿಸಿದಾಗ ಆ ಗೆರೆ ಸಾಲಿನ ನಡುವೆ ಉಳಿದುಬಿಡುತ್ತದೆ. ವರ್ಡ್‌ನಲ್ಲಿ ಕಂಟ್ರೋಲ್ ಹಿಡಿದು ಹೈಫನ್ ಒತ್ತಿ. ಪದ ಮುರಿದಾಗಷ್ಟೇ ಅದು ಅಚ್ಚಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಒತ್ತು ಬೇರೆ ಚಿಹ್ನೆಯಾಗಿ ಕೂತಿರುತ್ತದೆ. ಕರ್ಸರ್ ಅಕ್ಷರಕ್ಕೂ ಒತ್ತಿಗೂ ನಡುವೆ ನಿಂತಿಲ್ಲವೆಂದು ನೋಡಿಕೊಂಡೇ ಒತ್ತಿ.