ಮರದ ಬೀಜದ ಮೊಳಕೆ ಪರೀಕ್ಷೆ: ಮೊದಲು ತೇವ ನೋಡುತ್ತೇನೆ

ಮರದ ಬೀಜಗಳ ಮೊಳಕೆ ಪರೀಕ್ಷೆಯಲ್ಲಿ ಉಷ್ಣತೆಯ ಮೇಲೆ ಎಲ್ಲರಿಗೂ ಕಣ್ಣಿರುತ್ತದೆ. ಮೊಳಕೆ ಪೆಟ್ಟಿಗೆಯ ಬಾಗಿಲ ಮೇಲೆ ಅದರ ಅಂಕಿ ಕಾಣುತ್ತದಲ್ಲ! ತೇವಕ್ಕೆ ಹಾಗೆ ಅಂಕಿ ತೋರಿಸುವ ಫಲಕ ಇಲ್ಲ. ಆದರೆ ಪರೀಕ್ಷೆ ಕೆಡುವುದು ಹೆಚ್ಚಾಗಿ ತೇವದಿಂದಲೇ ಎಂಬುದು ನನ್ನ ಅನುಭವ.

ತಟ್ಟೆಯಲ್ಲಿ ಹಾಸಿದ ಒದ್ದೆ ಕಾಗದವನ್ನು ಬೆರಳ ತುದಿಯಿಂದ ಒತ್ತಿ ನೋಡುತ್ತೇನೆ. ಬೆರಳಿನ ಸುತ್ತ ನೀರಿನ ಪೊರೆ ಕಟ್ಟಿಕೊಂಡರೆ ಆ ಕಾಗದ ಬೇಡ; ಹೆಚ್ಚಿನ ನೀರು ಬಸಿದ ಮೇಲೆಯೇ ಬೀಜ ಇಡುತ್ತೇನೆ. ಅಂಥ ಪೊರೆ ಬೀಜವನ್ನು ಆವರಿಸಿದರೆ ಆಮ್ಲಜನಕ ಒಳಗೆ ಇಳಿಯುವುದಿಲ್ಲ. ಬೀಜ ಕೊಳೆಯುತ್ತದೆ, ಬೂಸ್ಟು ಹಿಡಿಯುತ್ತದೆ, ಪಕ್ಕದ ಬೀಜಕ್ಕೂ ಹಬ್ಬುತ್ತದೆ. ಆಮೇಲೆ ವರದಿಯಲ್ಲಿ ‘ಸತ್ತ ಬೀಜ’ ಎಂದು ಬರೆದರೆ ಅದು ಬೀಜಕ್ಕೆ ಮಾಡಿದ ಅನ್ಯಾಯ. ಬೀಜಗಳ ನಡುವೆ ಧಾರಾಳವಾಗಿ ಜಾಗ ಬಿಡುವುದೂ ಇದೇ ಕಾರಣಕ್ಕೆ.

ದಪ್ಪ ಬೀಜಗಳಿಗೆ ಕಾಗದಕ್ಕಿಂತ ಮರಳೇ ವಾಸಿ. ಜರಡಿ ಹಿಡಿದು, ತೊಳೆದು, ಬಿಸಿಯಲ್ಲಿ ಕ್ರಿಮಿಶುದ್ಧ ಮಾಡಿದ ಮರಳು ಬೇಕು. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು.

ಪರೀಕ್ಷೆಗೆ ಸಾಮಾನ್ಯವಾಗಿ 400 ಬೀಜ, ನೂರರಂತೆ 4 ಗುಂಪು. ಆರಿಸಿ ಎಣಿಸುವುದು ಸಲ್ಲದು. ದಪ್ಪಗೆ ಚೆನ್ನಾಗಿ ಕಾಣುವ ಬೀಜದ ಕಡೆಗೆ ಕೈ ತಾನಾಗಿ ಹೋಗುತ್ತದೆ, ಅದನ್ನು ತಡೆಯಬೇಕು. ನೀಲಗಿರಿಯ ಬೀಜ ಹೊಟ್ಟಿನಿಂದ ಬೇರ್ಪಡಿಸಲಾಗದಷ್ಟು ಸಣ್ಣದು; ಅದನ್ನು ಎಣಿಸದೆ ತೂಗಿ ಇಡುತ್ತೇವೆ. ಉಷ್ಣತೆ ಜಾತಿಯಿಂದ ಜಾತಿಗೆ ಬೇರೆ. ಅನೇಕ ಜಾತಿಗಳಿಗೆ ದಿನದಲ್ಲಿ 16 ಗಂಟೆ 20 ಡಿಗ್ರಿ, 8 ಗಂಟೆ 30 ಡಿಗ್ರಿ ಸೆಲ್ಸಿಯಸ್ ಇಟ್ಟು, ಬಿಸಿಯ ಹೊತ್ತಿನಲ್ಲೇ ಬೆಳಕು ಕೊಡುತ್ತೇವೆ.

ಅಕೇಶಿಯಾ ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಬೇರು ಹೊರಡುವ ತುದಿಯನ್ನು ಬಿಟ್ಟು ಎದುರು ಬದಿಯಲ್ಲಿ ಚೂರು ಕೆರೆದು ನೆನೆಸಿದರೆ ಬೀಜ ಉಬ್ಬುವುದನ್ನು ಕಣ್ಣಾರೆ ನೋಡಬಹುದು. ಸಾಗುವಾನಿಯ ಕಾಯಿಗೆ ನೆನೆಸಿ ಒಣಗಿಸುವ ಸರದಿ ಹಲವು ಸಲ ಬೇಕು. ಒಂದೇ ಕಾಯಿಯಿಂದ ಎರಡು ಮೂರು ಸಸಿ ಹೊರಟರೂ ಲೆಕ್ಕಕ್ಕೆ ಒಂದೇ.

ಬೇರಿನ ತುದಿ ಇಣುಕಿದ ಮಾತ್ರಕ್ಕೆ ನಾನು ಅದನ್ನು ಮೊಳಕೆ ಎಂದು ಎಣಿಸುವುದಿಲ್ಲ. ಬೇರು, ಕಾಂಡ, ಬೀಜದಳ ಎಲ್ಲವೂ ನೆಟ್ಟಗಿದ್ದು ಸಸಿಯಾಗಬಲ್ಲದು ಎನಿಸಬೇಕು. ಬೇರು ಮೊಂಡಾಗಿದ್ದರೆ ಅದು ಅಸಹಜ ಸಸಿಗಳ ಕಲಮಿಗೆ ಹೋಗುತ್ತದೆ. ನರ್ಸರಿಯವರಿಗೆ ಬೇಕಾದದ್ದು ಗಿಡವಾಗುವ ಬೀಜಗಳ ಲೆಕ್ಕ.

ಅವಧಿ ಮುಗಿದಾಗ ಮೊಳೆಯದೆ ಉಳಿದ ಪ್ರತಿ ಬೀಜವನ್ನೂ ಕತ್ತರಿಸುತ್ತೇನೆ. ಈ ಕೆಲಸವನ್ನು ಬೇಸರವೆಂದು ಬಿಡುವವರು ಬಹಳ, ಆದರೆ ತಟ್ಟೆಯ ಅರ್ಧ ಕಥೆ ಇಲ್ಲೇ ಇದೆ. ಒಳಗೆ ಟೊಳ್ಳಾಗಿದ್ದರೆ ಬೀಜ ಕಟ್ಟಲೇ ಇಲ್ಲ. ಮೆತ್ತಗೆ ಕಂದಾಗಿದ್ದರೆ ಸತ್ತಿದೆ. ಬಿಳಿಯಾಗಿ ಗಟ್ಟಿಯಾಗಿದ್ದರೆ ಜೀವಂತವಿದ್ದು ಸುಪ್ತಾವಸ್ಥೆಯಲ್ಲಿರುವ ಸಾಧ್ಯತೆ ಹೆಚ್ಚು. ಅಂಥವು ಬಹಳ ಸಿಕ್ಕರೆ ಅದೇ ರಾಶಿಯಿಂದ ಹೊಸ ಮಾದರಿ ತೆಗೆದು, ಶೇಕಡಾ 1ರ ಟೆಟ್ರಜೋಲಿಯಂ ದ್ರಾವಣದಲ್ಲಿ ನೆನೆಸುತ್ತೇನೆ; ಉಸಿರಾಡುವ, ಅಂದರೆ ಜೀವವಿರುವ, ಅಂಗಾಂಶ ಕೆಂಪಾಗುತ್ತದೆ. ವರದಿಯಲ್ಲಿ ಮೊಳಕೆಯ ಪ್ರಮಾಣದ ಪಕ್ಕದಲ್ಲೇ ಹೀಗೆ ಜೀವಂತವೆಂದು ಕಂಡ ಬೀಜಗಳ ಅಂಕಿಯನ್ನೂ ಬರೆದು ಕಳುಹಿಸುತ್ತೇನೆ.