ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಷನ್ ಆಗಿತ್ತಾ? ಥೈರಾಯ್ಡ್ ವೈದ್ಯನಾಗಿ ನನ್ನ ಅನುಭವ

ಥೈರಾಯ್ಡ್ ತೊಂದರೆ ಅಂತ ಬರುವ ಎಲ್ಲರಿಗೂ ನಾನು ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ. ಚಿಕ್ಕಂದಿನಲ್ಲಿ ತಲೆಗೋ, ಕುತ್ತಿಗೆಗೋ, ಎದೆಗೋ ರೇಡಿಯೇಷನ್ ಕೊಟ್ಟಿದ್ದರಾ? ಹೆಚ್ಚಿನವರು ಯೋಚಿಸದೆ ಇಲ್ಲ ಅಂದುಬಿಡುತ್ತಾರೆ. ನಾನು ಅಷ್ಟಕ್ಕೇ ಬಿಡುವುದಿಲ್ಲ. ಮೂರು ವರ್ಷದ ಮಗುವಿಗೆ ಆದದ್ದು ನಲವತ್ತರಲ್ಲಿ ಹೇಗೆ ನೆನಪಿರುತ್ತದೆ, ಅಲ್ವಾ? ಅದಕ್ಕೇ ಸುತ್ತಿ ಬಳಸಿ ಕೇಳುತ್ತೇನೆ. ಚಿಕ್ಕವರಿದ್ದಾಗ ದೊಡ್ಡ ಕಾಯಿಲೆ ಏನಾದರೂ ಬಂದಿತ್ತಾ? ದಿನಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರಾ? ಕೂದಲು ಉದುರಿತ್ತಾ? ದೊಡ್ಡ ಮಿಷನ್ ಕೆಳಗೆ ಅಲುಗಾಡದೆ ಮಲಗಿಸುತ್ತಿದ್ದರಾ? ತಾಯಿ ಇದ್ದರೆ ಅಲ್ಲಿಂದಲೇ ಫೋನ್ ಮಾಡಿಸುತ್ತೇನೆ. ಎಷ್ಟೋ ಸಲ ಉತ್ತರ ಸಿಕ್ಕಿರುವುದು ಅವರಿಂದಲೇ.

ಇಷ್ಟು ಒತ್ತಾಯ ಮಾಡಿ ಕೇಳುವುದಕ್ಕೆ ಕಾರಣವಿದೆ. ಮಕ್ಕಳ ಥೈರಾಯ್ಡ್ ಬೆಳೆಯುತ್ತಿರುತ್ತದೆ, ಅದರ ಜೀವಕೋಶಗಳು ಚುರುಕಾಗಿ ಒಡೆದು ಎರಡಾಗುತ್ತಿರುತ್ತವೆ. ಆ ವಯಸ್ಸಿನಲ್ಲಿ ಬಿದ್ದ ಪೆಟ್ಟು ಉಳಿದುಬಿಡುತ್ತದೆ. ಮಗು ಚಿಕ್ಕದಾಗಿದ್ದಷ್ಟೂ ಅಪಾಯ ಜಾಸ್ತಿ. ಇಪ್ಪತ್ತು ದಾಟಿದವರಿಗೆ ಅಷ್ಟೇ ರೇಡಿಯೇಷನ್ ಆದರೆ ಥೈರಾಯ್ಡ್ ಕ್ಯಾನ್ಸರ್ ಭಯ ಬಹಳ ಕಡಿಮೆ. ಚಿಕ್ಕಂದಿನಲ್ಲಿ ಆದವರಿಗೆ ಮಾತ್ರ ನಲವತ್ತು ವರ್ಷ ಕಳೆದರೂ ಆ ಅಪಾಯ ಪೂರ್ತಿ ಹೋಗುವುದಿಲ್ಲ.

ಒಂದು ಕಾಲದಲ್ಲಿ ಟಾನ್ಸಿಲ್ ಊದಿದರೆ, ತಲೆಯಲ್ಲಿ ಹುಳುಕಡ್ಡಿ ಆದರೆ, ಎದೆಯಲ್ಲಿ ಥೈಮಸ್ ಗ್ರಂಥಿ ದೊಡ್ಡದಿದೆ ಅನಿಸಿದರೆ ಮಕ್ಕಳಿಗೆ ಎಕ್ಸ್-ರೇ ಚಿಕಿತ್ಸೆ ಕೊಡುತ್ತಿದ್ದರು. ಅದಕ್ಕೂ ಥೈರಾಯ್ಡ್ ಕ್ಯಾನ್ಸರ್‌ಗೂ ನಂಟಿರಬಹುದು ಎಂದು ಅಮೆರಿಕದ ವೈದ್ಯರಾದ ಡಫಿ ಮತ್ತು ಫಿಟ್ಸ್‌ಜೆರಾಲ್ಡ್ 1950ರಲ್ಲಿ ಬರೆದರು. ಆಮೇಲೆ 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣು ಸ್ಥಾವರದ ಅಪಘಾತ ಆಯಿತು. ಅಲ್ಲಿ ಅಪಾಯ ಬಂದದ್ದು ಮುಖ್ಯವಾಗಿ ಹಾಲಿನ ಮೂಲಕ. ಥೈರಾಯ್ಡ್ ಹೀರಿಕೊಳ್ಳುವ ವಿಕಿರಣಶೀಲ ಅಯೋಡಿನ್-131 ಹುಲ್ಲಿನ ಮೇಲೆ ಬಿತ್ತು, ಹಸು ಆ ಹುಲ್ಲು ತಿಂದಿತು, ಮಕ್ಕಳು ಹಾಲು ಕುಡಿದರು. ಆ ಅಯೋಡಿನ್ ಸುಮಾರು 8 ದಿನಕ್ಕೊಮ್ಮೆ ಅರ್ಧ ಆಗುತ್ತಾ ಹೋಗುತ್ತದೆ. ಕೆಲವು ವಾರ ಆ ಹಾಲು ತಪ್ಪಿಸಿದ್ದರೆ ಎಷ್ಟೋ ಮಕ್ಕಳಿಗೆ ಈ ಕ್ಯಾನ್ಸರ್ ತಪ್ಪುತ್ತಿತ್ತು ಅನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ. ಬೆಲಾರುಸ್, ಉಕ್ರೇನ್ ಮತ್ತು ರಷ್ಯಾದ ಹೆಚ್ಚು ಪೆಟ್ಟು ತಿಂದ ಭಾಗಗಳಲ್ಲಿ ಆಗ 18 ತುಂಬದಿದ್ದವರ ಪೈಕಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಜನರಿಗೆ ಥೈರಾಯ್ಡ್ ಕ್ಯಾನ್ಸರ್ ಬಂದಿತ್ತು. ಅವರಲ್ಲಿ ತೀರಿಕೊಂಡವರು ಬಹಳ ಕಡಿಮೆ. ಈ ಮಾತನ್ನು ರೋಗಿಗಳಿಗೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕ್ಯಾನ್ಸರ್ ಅಂದ ಕೂಡಲೇ ಅವರಿಗೆ ಮುಂದಿನದ್ದು ಯಾವುದೂ ಕೇಳಿಸುವುದಿಲ್ಲ.

ಈಗ ನನ್ನ ಹತ್ತಿರ ಬರುವವರು ಬೇರೆ ಥರದವರು. ಚಿಕ್ಕಂದಿನಲ್ಲಿ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್), ಮೆದುಳಿನ ಗಡ್ಡೆ ಗೆದ್ದು ಬಂದವರು. ಅವರಿಗೆ ಹಳೆಯ ಫೈಲ್ ತರಲು ಹೇಳುತ್ತೇನೆ. ಯಾವ ಜಾಗಕ್ಕೆ, ಎಷ್ಟು ಗ್ರೇ (ರೇಡಿಯೇಷನ್ ಅಳೆಯುವ ಮಾನ), ಯಾವ ವಯಸ್ಸಿನಲ್ಲಿ, ಈ ಮೂರನ್ನು ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆದಿಡುತ್ತೇನೆ. ಥೈರಾಯ್ಡ್‌ಗೆ ಬಿದ್ದ ಪ್ರಮಾಣ ಸುಮಾರು 20 ಗ್ರೇ ಆಗುವವರೆಗೆ ಕ್ಯಾನ್ಸರ್ ಅಪಾಯ ಏರುತ್ತದೆ. ತೀರಾ ಹೆಚ್ಚಾದರೆ ಜೀವಕೋಶಗಳೇ ಸಾಯುವುದರಿಂದ ಅದು ಇಳಿಯುತ್ತದೆ, ಆದರೆ ಗ್ರಂಥಿ ಸೊರಗಿ ಹಾರ್ಮೋನ್ ಕಮ್ಮಿಯಾಗುವುದು ಜಾಸ್ತಿಯಾಗುತ್ತದೆ.

ಒಬ್ಬ ಹುಡುಗಿಯ ನೆನಪಾಗುತ್ತದೆ. ಮೆದುಳಿನ ಗಡ್ಡೆಗೆ ಚಿಕ್ಕಂದಿನಲ್ಲಿ ತಲೆಗೆ ರೇಡಿಯೇಷನ್ ಆಗಿತ್ತು. ಸದಾ ಸುಸ್ತು, ಚಳಿ, ಓದಿದ್ದು ತಲೆಗೆ ಹತ್ತುವುದಿಲ್ಲ. ಟಿಎಸ್ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಅನ್ನುವ ಹಾರ್ಮೋನ್, ಥೈರಾಯ್ಡ್ ಸೊರಗಿದರೆ ಸಾಮಾನ್ಯವಾಗಿ ಇದು ಏರುತ್ತದೆ) ಸರಿಯಾಗಿದೆ ಅಂತ ಬೇರೆ ಕಡೆ ವಾಪಸ್ ಕಳಿಸಿದ್ದರು. "ಡಾಕ್ಟ್ರೇ, ನಾನು ಸೋಮಾರಿ ಅಂತ ಎಲ್ರೂ ಹೇಳ್ತಾರೆ" ಅಂದಳು. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಎಷ್ಟಿದೆ ಅಂತ ತೋರಿಸುವ ಫ್ರೀ ಟಿ4 ಮಾಡಿಸಿದೆ, ಕಡಿಮೆ ಇತ್ತು. ರೇಡಿಯೇಷನ್‌ನಿಂದ ಪೆಟ್ಟಾಗಿದ್ದದ್ದು ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಗೆ. ಟಿಎಸ್ಎಚ್ ಹೊರಡುವುದೇ ಅಲ್ಲಿಂದ. ಅದೇ ಸೊರಗಿದಾಗ ಟಿಎಸ್ಎಚ್ ಏರುವುದಾದರೂ ಹೇಗೆ? ತಲೆಗೆ ರೇಡಿಯೇಷನ್ ಆದವರಲ್ಲಿ ಟಿಎಸ್ಎಚ್ ಒಂದನ್ನೇ ನೋಡಿ ಸುಮ್ನೆ ಕಳಿಸಬಾರದು. ಇಂಥವರಿಗೆ ಪಿಟ್ಯೂಟರಿಯ ಹತೋಟಿಯಲ್ಲೇ ಇರುವ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಸರಿಯಿದೆಯೇ ಅಂತ ಮೊದಲು ನೋಡಿಕೊಂಡೇ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಶುರು ಮಾಡುತ್ತೇನೆ, ಅವಳಿಗೂ ಹಾಗೇ ಮಾಡಿದೆ.

ಕುತ್ತಿಗೆಯನ್ನು ಪ್ರತಿ ಭೇಟಿಯಲ್ಲೂ ಕೈಯಿಂದ ಮುಟ್ಟಿ ನೋಡುತ್ತೇನೆ. ಅಲ್ಟ್ರಾಸೌಂಡ್ ಬೇಕೋ ಬೇಡವೋ ಅನ್ನುವುದನ್ನು ಅವರ ಜೊತೆ ಕೂತು ಮಾತಾಡಿಯೇ ತೀರ್ಮಾನಿಸುತ್ತೇನೆ. ಅಲ್ಟ್ರಾಸೌಂಡ್ ಹಿಡಿದರೆ ಸಣ್ಣ ಸಣ್ಣ ಗಂಟುಗಳು ಎಷ್ಟೋ ಜನರಲ್ಲಿ ಕಾಣುತ್ತವೆ, ಹೆಚ್ಚಿನವು ನಿರುಪದ್ರವಿ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದ ಅಪಘಾತದ ನಂತರ ಅಲ್ಲಿನ ಬಹುಪಾಲು ಮಕ್ಕಳಿಗೆ ಅಲ್ಟ್ರಾಸೌಂಡ್ ಮಾಡಿದಾಗ ಬಹಳಷ್ಟು ಕ್ಯಾನ್ಸರ್‌ಗಳು ಸಿಕ್ಕವು. ಅದಕ್ಕೆ ಮುಖ್ಯ ಕಾರಣ ಅಷ್ಟು ಸೂಕ್ಷ್ಮವಾಗಿ ಹುಡುಕಿದ್ದೇ ಎಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ಹೇಳಿದೆ. ಸುಮ್ಮನೆ ಹುಡುಕಿ ಆಪರೇಷನ್‌ವರೆಗೆ ಎಳೆದೊಯ್ಯುವುದೂ ಒಂದು ಹಾನಿಯೇ.

ಆದರೆ ಅನುಮಾನದ ಗಂಟು ಕಂಡರೆ ತಡಮಾಡುವುದಿಲ್ಲ, ಸೂಜಿ ಪರೀಕ್ಷೆ ಮಾಡಿಸುತ್ತೇನೆ. ಹಲವು ಗಂಟುಗಳಿದ್ದರೆ ದೊಡ್ಡದಕ್ಕೆ ಮಾತ್ರ ಸೂಜಿ ಹಾಕಿ ಮುಗಿಸುವುದಿಲ್ಲ. ರೇಡಿಯೇಷನ್ ಆದ ಗ್ರಂಥಿಯಲ್ಲಿ ಕ್ಯಾನ್ಸರ್ ಪಕ್ಕದ ಸಣ್ಣದರಲ್ಲೂ ಇರಬಹುದು. ರಕ್ತದ ಕ್ಯಾಲ್ಸಿಯಂ ಕೂಡ ನೋಡಿಸುತ್ತೇನೆ, ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅಲ್ಲೇ ಹಿಂದೆ ಇವೆ, ಅವಕ್ಕೂ ಅದೇ ರೇಡಿಯೇಷನ್ ಬಿದ್ದಿರುತ್ತದೆ.

ಮಗು ಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳಿಗೆ ಮಾತ್ರ ಮುಂದಿನ ವರ್ಷದ ತಪಾಸಣೆಗೆ ಕಾಯಬೇಡಿ ಅನ್ನುತ್ತೇನೆ. ಗರ್ಭ ನಿಲ್ಲುವ ಮೊದಲೇ ಒಂದು ಸಲ ಥೈರಾಯ್ಡ್ ಪರೀಕ್ಷೆ, ನಿಂತದ್ದು ಗೊತ್ತಾದ ಕೂಡಲೇ ಇನ್ನೊಂದು. ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ.