ಕಂಡೀಷನಲ್ ಬ್ರೇಕ್‌ಪಾಯಿಂಟ್ ಟೆಸ್ಟ್: ನಿಂತರೆ ಸಾಲದು, ಯಾಕೆ ನಿಂತಿತು ಅಂತ ನೋಡಿ

ಪ್ರೋಗ್ರಾಂನ ತಪ್ಪು ಹುಡುಕುವ ಡೀಬಗರ್ ಆದ ಜಿಡಿಬಿಯಲ್ಲಿ ಕಂಡೀಷನಲ್ ಬ್ರೇಕ್‌ಪಾಯಿಂಟ್‌ಗಳಿಗೆ (ಕೊಟ್ಟ ಕಂಡೀಷನ್ ನಿಜವಾದಾಗ ಮಾತ್ರ ಪ್ರೋಗ್ರಾಂ ಅನ್ನು ಒಂದು ಸಾಲಿನಲ್ಲಿ ನಿಲ್ಲಿಸುವ ಗುರುತುಗಳಿಗೆ) ಆಟೋಮೇಟೆಡ್ ಟೆಸ್ಟ್ ಬರೆಯುವವರು ದಯವಿಟ್ಟು ಇದನ್ನು ಗಮನಿಸಿ. ಪ್ರೋಗ್ರಾಂ ಆ ಸಾಲಿನಲ್ಲಿ ನಿಂತಿತಾ ಅಂತ ಮಾತ್ರ ನೋಡಬೇಡಿ. ಕಂಡೀಷನ್ ಪರೀಕ್ಷಿಸುವಾಗ ಎರರ್ ಬಂದರೂ ಜಿಡಿಬಿ ಅಲ್ಲೇ ನಿಲ್ಲಿಸುತ್ತದೆ. ಕಂಡೀಷನ್‌ನಲ್ಲಿರುವ ಪಾಯಿಂಟರ್ (ಮೆಮೊರಿ ವಿಳಾಸ ಇಟ್ಟುಕೊಳ್ಳುವ ವೇರಿಯೇಬಲ್) ಲೂಪ್‌ನ ಮೊದಲ ಸುತ್ತಿನಲ್ಲಿ ನಲ್, ಅಂದರೆ ಖಾಲಿ, ಆಗಿದೆ ಅಂದುಕೊಳ್ಳಿ. ಮೆಮೊರಿ ಓದಲು ಆಗುವುದಿಲ್ಲ, ಎರರ್ ಮೆಸೇಜ್ ಬರುತ್ತದೆ, ಪ್ರೋಗ್ರಾಂ ನಿಲ್ಲುತ್ತದೆ. ಟೆಸ್ಟ್ ಮಾತ್ರ ಪಾಸ್!

ಅದಕ್ಕೇ 1000 ಸಲ ಸುತ್ತುವ ಚಿಕ್ಕ ಲೂಪ್ ಬರೆಯಿರಿ. ಸುತ್ತು ಎಣಿಸುವ ವೇರಿಯೇಬಲ್ ‘ಐ’ ಬೆಲೆ 500 ಆದಾಗ ನಿಲ್ಲಲಿ ಅಂತ ಕಂಡೀಷನ್ ಕೊಡಿ. ನಿಂತ ಮೇಲೆ ‘ಐ’ ನಿಜಕ್ಕೂ 500 ಇದೆಯಾ ನೋಡಿ. ಆಮೇಲೆ ಮುಂದುವರಿಸಿ. ಈಗ ಎಲ್ಲೂ ನಿಲ್ಲದೆ ಪ್ರೋಗ್ರಾಂ ಮುಗಿಯಬೇಕು, ಹಿಟ್ ಕೌಂಟ್ (ಬ್ರೇಕ್‌ಪಾಯಿಂಟ್ ಎಷ್ಟು ಸಲ ತಗುಲಿತು ಅನ್ನುವ ಎಣಿಕೆ) 1 ಇರಬೇಕು. ಕಂಡೀಷನ್ ಸುಳ್ಳಾದ ಸುತ್ತುಗಳನ್ನು ಜಿಡಿಬಿ ಹಿಟ್ ಅಂತ ಎಣಿಸುವುದಿಲ್ಲ. ಇಷ್ಟನ್ನೂ ಅದರ ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಬರೆದು ಬ್ಯಾಚ್ ಮೋಡ್‌ನಲ್ಲಿ, ಅಂದರೆ ಯಾರೂ ಕಮಾಂಡ್ ಟೈಪ್ ಮಾಡದೆ ತಾನಾಗೇ, ಓಡಿಸಬಹುದು.

ಮುಂದುವರಿಸುವ ಹೆಜ್ಜೆ ಯಾಕೆ ಮುಖ್ಯ ಗೊತ್ತಾ? ಕಂಡೀಷನ್‌ನಲ್ಲಿ ಎರಡು ಸಮ ಚಿಹ್ನೆಯ ಬದಲು ಒಂದೇ ಬಿದ್ದರೆ ಜಿಡಿಬಿ ‘ಐ’ಗೆ 500 ಹಾಕಿಬಿಡುತ್ತದೆ. ಬೆಲೆ ನೋಡಿದರೆ ಸರಿಯಾಗೇ ಕಾಣುತ್ತದೆ ಅಲ್ವಾ? ಆದರೆ ಪ್ರತಿ ಸುತ್ತಿನಲ್ಲೂ ಅದೇ 500, ಲೂಪ್ ಮುಗಿಯುವುದೇ ಇಲ್ಲ. ಮುಂದುವರಿಸಿದಾಗ ಮತ್ತೆ ನಿಂತಿತು ಅಂದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಟೆಸ್ಟ್‌ಗೆ ಟೈಮ್‌ಔಟ್ (ಇಷ್ಟು ಹೊತ್ತಾದರೆ ನಿಲ್ಲಿಸು ಅನ್ನುವ ಮಿತಿ) ಕೂಡ ಇಡಿ.

‘ಐ’ 5000 ಆದಾಗ ನಿಲ್ಲು ಅನ್ನುವ, ಎಂದೂ ನಿಜವಾಗದ ಕಂಡೀಷನ್‌ಗೂ ಒಂದು ಟೆಸ್ಟ್ ಬೇಕು. ಕಂಪೈಲ್ ಮಾಡುವಾಗ ಡೀಬಗ್ ಮಾಹಿತಿ ಸೇರಿಸಿ, ಆಪ್ಟಿಮೈಸೇಷನ್ (ವೇಗಕ್ಕಾಗಿ ಕಂಪೈಲರ್ ಕೋಡ್ ಬದಲಿಸುವುದು) ಬೇಡ. ಇಲ್ಲದಿದ್ದರೆ ‘ಐ’ ಡೀಬಗರ್‌ಗೆ ಸಿಗದೇ ಹೋಗಬಹುದು.